ಆಗಮನ ಕಾಲದ ಪ್ರಾರ್ಥನೆ ಮತ್ತು ಕೌದಿ ಸಂಗ್ರಹ

ಎಲ್ಲರಿಗೂ ನಮಸ್ಕಾರ.

ಈ ಸಲ ಆಗಮನ ಕಾಲ, ಅಂದರೆ ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಯುವ ಕಾಲ, 2026ರ ನವೆಂಬರ್ 29, ಭಾನುವಾರ ಶುರು. ನಾಲ್ಕೂ ಭಾನುವಾರ ಸಂಜೆ 6.30ಕ್ಕೆ ಬೆಳಗಾವಿ ಕ್ಯಾಂಪ್‌ನಲ್ಲಿರುವ ನಮ್ಮವರ ಒಂದೊಂದು ಮನೆಯಲ್ಲಿ ಪ್ರಾರ್ಥನೆ. ಮನೆ ಕೊಡುವವರು ಗುರುವಾರದೊಳಗೆ ಇಲ್ಲೇ ತಿಳಿಸಿ.

ಭಾನುವಾರಕ್ಕೊಂದರಂತೆ ಹಚ್ಚಲು ಮೂರು ನೇರಳೆ, ಒಂದು ಗುಲಾಬಿ ಮೇಣದಬತ್ತಿ ತಂದಿಟ್ಟಿದ್ದೇನೆ. ಗುಲಾಬಿಯದ್ದು ಡಿಸೆಂಬರ್ 13ಕ್ಕೆ, ಸಂತೋಷದ ಭಾನುವಾರ. ಕಳೆದ ವರ್ಷ ಮೊದಲ ಬತ್ತಿ ಹಚ್ಚಿದ ಕೂಡಲೇ ಕರೆಂಟ್ ಹೋಯಿತು. ಆ ಒಂದೇ ಬೆಳಕಿನ ಸುತ್ತ ಗಲಾಟೆ ಮಾಡುವ ಮಕ್ಕಳೂ ಸುಮ್ನೆ ಕೂತುಬಿಟ್ಟರು. ಕಾಯೋದು ಅಂದ್ರೆ ಏನು ಅಂತ ನನಗೆ ಅವತ್ತು ಗೊತ್ತಾಯಿತು. ಬೆತ್ಲೆಹೇಮಿನಲ್ಲಿ ಹುಟ್ಟಿದ ಯೇಸುವನ್ನು ನೆನೆಯುತ್ತೇವೆ, ಮತ್ತೆ ಬರುವವನಿಗಾಗಿ ಕಾಯುತ್ತೇವೆ. ಇವತ್ತೇ ಬಾಗಿಲು ತಟ್ಟಿದರೆ? ಕೇಕ್, ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ನಕ್ಷತ್ರದ ಗಡಿಬಿಡಿಯಲ್ಲಿ ಇದು ಮರೆತೇ ಹೋಗುತ್ತದೆ, ಅಲ್ವಾ?

ಅದಕ್ಕೇ ಈ ಕೌದಿ. ಕಬ್ಬು ಕಡಿಯಲು ಬರುವ ಕುಟುಂಬಗಳು ಹೊಲದ ಬದಿ ಗುಡಿಸಲಲ್ಲಿ ಮಲಗುತ್ತವೆ, ಡಿಸೆಂಬರ್‌ನಲ್ಲಿ ಚಳಿ ಜಾಸ್ತಿ. ಒಗೆದ ಕೌದಿ, ಮಕ್ಕಳ ಸ್ವೆಟರ್ ಇದ್ದರೆ 13ರ ಪ್ರಾರ್ಥನೆಗೆ ತನ್ನಿ. ಹರಿದದ್ದು ದಯವಿಟ್ಟು ಬೇಡ, ನಾವು ಹೊದೆಯುವಂಥದ್ದೇ ಇರಲಿ.

ಒಬ್ಬರೇ ಬರಲಾಗದ ಹಿರಿಯರಿದ್ದರೆ ಹೇಳಿ, ಗಾಡಿ ಕಳಿಸುತ್ತೇವೆ.