ಕೆಲಸ ಹೋಗಿಲ್ಲ ಅಮ್ಮ, ಕ್ಯಾರೆಟ್ ಹೆಚ್ಚುತ್ತಿದ್ದೆ

ಬಾಸ್ಟನ್
ಜನವರಿ 18

ಅಮ್ಮನಿಗೂ ಅಪ್ಪಯ್ಯನಿಗೂ ನಮಸ್ಕಾರ. ನಾವೆಲ್ಲ ಕ್ಷೇಮ. ನಿನ್ನ ಕಾಗದ ಬಂತು. ಫೋನಿನಲ್ಲಿ ಹೇಳೋಣವೆಂದರೆ ಅಪ್ಪಯ್ಯನಿಗೆ ಕಿವಿ ಕೇಳಲ್ಲ, ನೀನು ಅರ್ಧಕ್ಕೇ ಅಳಲು ಶುರು ಮಾಡ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಅವರಿಗೆ ಪೂರ್ತಿ ಓದಿ ಹೇಳು, ನಡುವೆ ಹಾರಿಸಬೇಡ.

ಮೊದಲು ಆ ಫೋಟೋ, ಅದನ್ನು ನೋಡಿ ನನ್ನ ಕೆಲಸ ಹೋಯ್ತು ಅಂದುಕೊಂಡಿದ್ದೀರಲ್ಲ. ನನ್ನ ಕೆಲಸ ಹೋಗಿಲ್ಲ. ರಘು ಕೆಲಸವೂ ಹೋಗಿಲ್ಲ. ತಲೆಗೆ ಬಲೆ ಹಾಕಿ ಏಪ್ರನ್ ಕಟ್ಟಿ ನಿಂತವಳು ನಾನೇ ಹೌದು. ಆದರೆ ಅಲ್ಲಿಗೆ ಊಟಕ್ಕೆ ಹೋದದ್ದಲ್ಲ, ಸಂಬಳಕ್ಕೂ ಅಲ್ಲ. ‘ಪಾಪ, ಅಮೆರಿಕಕ್ಕೆ ಹೋಗಿ ಪಾತ್ರೆ ತಿಕ್ಕುವ ಹಾಗಾಯ್ತಲ್ಲ’ ಅಂದ ಸೀತತ್ತೆಗೆ ಹೇಳು, ಪಾತ್ರೆಗೆ ಇಲ್ಲಿ ಮೆಷಿನ್ ಇದೆ, ನಾನು ಕ್ಯಾರೆಟ್ ಹೆಚ್ಚುತ್ತಿದ್ದೆ.

ಅದು ರೋಸೀಸ್ ಪ್ಲೇಸ್ ಅಂತ, ಮನೆಯಿಲ್ಲದ ಹೆಂಗಸರಿಗೆಂದೇ ಇರುವ ಜಾಗ. 1974ರಲ್ಲಿ ಕಿಪ್ ಟಿಯರ್ನನ್ ಅನ್ನುವಾಕೆ ಒಂದು ಹಳೇ ಸೂಪರ್‌ಮಾರ್ಕೆಟ್ಟಿನಲ್ಲಿ ಶುರು ಮಾಡಿದ್ದು. ಮನೆಯಿಲ್ಲದ ಹೆಂಗಸರಿಗೆ ಅಂತ ಈ ದೇಶದಲ್ಲಿ ಆದ ಇಂಥ ಜಾಗಗಳಲ್ಲಿ ಅದೇ ಮೊದಲನೆಯದಂತೆ. ಅದಕ್ಕೆ ಮುಂಚೆ ಹೆಂಗಸರು ಗಂಡಸರ ವೇಷ ಹಾಕಿ ಗಂಡಸರ ಸಾಲಿನಲ್ಲಿ ನಿಂತು ಊಟ ಮಾಡ್ತಿದ್ದರಂತೆ, ನೋಡು. ಸರ್ಕಾರದ ಒಂದು ಡಾಲರನ್ನೂ ಮುಟ್ಟಲ್ಲ. ಜನ ಕೊಟ್ಟದ್ದರಲ್ಲೇ ಐವತ್ತು ವರ್ಷ ದಾಟಿದೆ. ಲೆಕ್ಕ ಯಾರು ನೋಡ್ತಾರೆ ಅಂತ ಅಪ್ಪಯ್ಯ ಕೇಳೇ ಕೇಳ್ತಾರೆ. ವರ್ಷಾವರ್ಷ ಯಾರು ಬೇಕಾದರೂ ನೋಡುವ ಹಾಗೆ ಇಡ್ತಾರೆ, ನಮ್ಮೂರ ಸೊಸೈಟಿಯ ಹಾಗಲ್ಲ!

ಬಂದವರನ್ನು ‘ಗೆಸ್ಟ್’ ಅನ್ನಬೇಕು. ಒಬ್ಬಾಕೆ, ನಿನ್ನ ವಯಸ್ಸಿನವಳೇ ಇರಬೇಕು, ಚೀಲವನ್ನು ಕಾಲಿನ ಹತ್ತಿರ ಇಟ್ಟು ಅದರ ಪಟ್ಟಿಯನ್ನು ಕಣಕಾಲಿಗೆ ಸುತ್ತಿಕೊಂಡೇ ಉಣ್ಣುತ್ತಾಳೆ. ಇಷ್ಟು ಶ್ರೀಮಂತ ದೇಶದಲ್ಲಿ ಮನೆಯಿಲ್ಲದವರಾ ಅಂತ ಕೇಳಿದ್ದೀಯ. ಒಂದು ಬೆಡ್‌ರೂಮಿನ ಮನೆಗೆ ಇಲ್ಲಿ ತಿಂಗಳ ಬಾಡಿಗೆ ಎರಡು ಸಾವಿರ ಡಾಲರಿನ ಮೇಲೆ. ಗಂಡ ಬಿಟ್ಟರೆ, ಕಾಯಿಲೆ ಬಿದ್ದರೆ ಮುಗೀತು. ನಮ್ಮದು ಸ್ವಂತ ಮನೆ, ಇದನ್ನು ಓದಿ ಮತ್ತೆ ಹೆದರಬೇಡ.

ಈ ಸಂಕ್ರಾಂತಿಗೆ ಇಲ್ಲಿಯ ಕನ್ನಡದವರೆಲ್ಲ ಎಳ್ಳುಬೆಲ್ಲದ ಜತೆ ಹೊಸ ಕಾಲುಚೀಲ ಒಟ್ಟುಮಾಡಿ ಅಲ್ಲಿಗೆ ಕೊಟ್ಟೆವು. ಕೋಟು ಎಲ್ಲರೂ ಕೊಡ್ತಾರೆ, ಕಾಲುಚೀಲ ಯಾರಿಗೂ ನೆನಪಾಗಲ್ಲ. ಹಿಮದಲ್ಲಿ ಒದ್ದೆಯಾದದ್ದನ್ನೇ ಹಾಕಿಕೊಂಡು ಓಡಾಡಿದರೆ ಬೆರಳೇ ಹೋಗ್ತದೆ.

ಇನ್ನು ಅಪ್ಪಯ್ಯನ ಮಂಡಿ. ಫೋಟೋ ನೋಡಿ ‘ಮಗಳಿಗೇ ಕಷ್ಟ, ಆಪರೇಷನ್ ಮುಂದಿನ ವರ್ಷ ನೋಡುವ’ ಅಂದರಂತೆ. ಯಾವ ಮುಂದಿನ ವರ್ಷ? ಬಚ್ಚಲಿಗೆ ಹೋಗಲು ಗೋಡೆ ಹಿಡಿಯುವವರು ಕೊನೆಕೊಯ್ಲು ನೋಡಲು ತೋಟಕ್ಕೆ ಇಳಿದರಂತೆ! ದುಡ್ಡು ಇದೆ ಅಮ್ಮ. ನಿಮ್ಮ ಜಂಟಿ ಖಾತೆಗೆ ಡಿಸೆಂಬರಿನಲ್ಲೇ ಹಾಕಿದ್ದೇನೆ, ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡು. ಎರಡೂ ಮಂಡಿಗೆ ಸಾಕು. ಸಾಲ ಮಾಡಿ ಕಳಿಸಿದ್ದಲ್ಲ, ದೇವರಾಣೆ. ರೇಟು ಇಲ್ಲದಾಗ ಅಡಿಕೆ ಮಾರಬೇಡಿ. ನೀನು ಬಳೆ ತಂಟೆಗೆ ಹೋಗಬೇಡ, ನನಗೆ ನಿನ್ನ ಬುದ್ಧಿ ಗೊತ್ತು. ಅಲ್ಲಿ ಕೊಡುವುದನ್ನು ಉಳಿಸು ಅಂತ ಬರೆದಿದ್ದೀಯಲ್ಲ, ನಾನು ಅಲ್ಲಿ ಕೊಡುವುದು ಹೆಚ್ಚಾಗಿ ಶನಿವಾರದ ಬೆಳಿಗ್ಗೆಯನ್ನು. ಅದನ್ನು ಉಳಿಸಿದರೆ ಯಾರ ಮಂಡಿಯೂ ಸರಿಹೋಗಲ್ಲ.

ಗಿರೀಶ ನಾಳೆಯೇ ಶಿವಮೊಗ್ಗಕ್ಕೆ ಹೋಗಿ ಡಾಕ್ಟರ ಹತ್ತಿರ ದಿನ ಗೊತ್ತುಮಾಡಿಕೊಂಡು ಬರಲಿ. ನಾನು ರಜೆ ಕೇಳಿದ್ದಾಗಿದೆ, ಬಂದೇ ಬರ್ತೇನೆ. ಇಲ್ಲಿ ಚಳಿ ಏನೂ ಇಲ್ಲ, ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಅಷ್ಟೆ, ಮನೆಯೊಳಗೆ ಬೆಚ್ಚಗಿದೆ. ಊಟ ಸರಿಯಾಗಿ ಮಾಡ್ತಿದ್ದೇನೆ, ತೂಕ ಜಾಸ್ತಿಯೇ ಆಗಿದೆ, ಸೊರಗಿದ ಹಾಗೆ ಕಂಡದ್ದು ಆ ಬಲೆಯಿಂದ. ಬಸ್ಸಿಗೆ ಹೊತ್ತಾಯ್ತು. ಪುಟ್ಟಿಯ ಹಲ್ಲು ಬಿತ್ತು, ಅವಳೇ ಫೋನಿನಲ್ಲಿ ಹೇಳ್ತಾಳಂತೆ. ಪಾಸ್‌ಬುಕ್ ಮರೀಬೇಡ.

ನಿನ್ನ
ವೀಣಾ