ಸಂಖ್ಯೆಯ ಜೊತೆ ಅಳತೆಯೂ ಕಣ್ಣಿಗೆ ಕಾಣಲಿ

ಮಾನ್ಯ ಸಂಪಾದಕರೇ,

ತಿಪಟೂರಿನ ಒಂದು ಸಣ್ಣ ರಕ್ತ ಪರೀಕ್ಷೆ ಲ್ಯಾಬಿನಲ್ಲಿ 22 ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಹೋದ ತಿಂಗಳು ಕೊಬ್ಬರಿ ವ್ಯಾಪಾರದ ಒಬ್ಬರು ಬಂದು ಎರಡು ರಿಪೋರ್ಟುಗಳನ್ನು ಮೇಜಿನ ಮೇಲಿಟ್ಟರು. ಅವರಿಗೆ ಶುಗರ್ ಬಂದು ಹನ್ನೆರಡು ವರ್ಷ. "ಮೇಡಂ, ಒಂದೇ ತಿಂಗಳಿಗೆ ಹತ್ತು ಪಟ್ಟು ಏರಿದೆ, ಇನ್ನು ನನ್ನ ಹಾರ್ಟು ಅಷ್ಟೇನಾ?" ಅಂದರು. ಕಾಗದ ಹಿಡಿದ ಕೈ ನಡುಗುತ್ತಿತ್ತು.

ಒಂದರಲ್ಲಿ ಸಿಆರ್‌ಪಿ, ಅಂದರೆ ಉರಿಯೂತವನ್ನು ತೋರಿಸುವ ರಕ್ತದ ಪ್ರೋಟೀನ್, 0.4, ಇನ್ನೊಂದರಲ್ಲಿ 4. ಮೊದಲ ಲ್ಯಾಬಿನವರು ಡೆಸಿಲೀಟರಿಗೆ (ಲೀಟರಿನ ಹತ್ತನೇ ಒಂದು ಭಾಗಕ್ಕೆ) ಇಷ್ಟು ಮಿಲಿಗ್ರಾಂ ಎಂದು ಬರೆದಿದ್ದರು, ಎರಡನೆಯವರು ಲೀಟರಿಗೆ. ಎರಡೂ ಒಂದೇ ಲೆಕ್ಕ. ಅಳತೆಯನ್ನು ಮಾತ್ರ ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಒಂದು ಮೂಲೆಗೆ ಒತ್ತಿದ್ದರು. 0.4 ನೋಡಿ ಅವರು ಒಂದು ತಿಂಗಳು ನಿಶ್ಚಿಂತೆಯಿಂದ ಇದ್ದರಂತೆ. ಆ ನೆಮ್ಮದಿಯೂ ತಪ್ಪು, ಈ ಗಾಬರಿಯೂ ತಪ್ಪು.

ಮೈಯಲ್ಲಿ ಎಲ್ಲಾದರೂ ಉರಿಯೂತ ಇದ್ದರೆ ಲಿವರ್ ಈ ಪ್ರೋಟೀನನ್ನು ಹೆಚ್ಚು ತಯಾರಿಸುತ್ತದೆ. ರಕ್ತನಾಳದ ಗೋಡೆಯಲ್ಲಿ ಕೂತ ಕೊಬ್ಬಿಗೂ ಉರಿಯೂತ ತಗುಲಿ, ಅದು ಒಡೆದು ರಕ್ತ ಹೆಪ್ಪುಗಟ್ಟಿದರೆ ಹೃದಯಾಘಾತ. ಅದಕ್ಕೇ ಹೃದಯದ ವಿಚಾರಕ್ಕೆ ಹೈ ಸೆನ್ಸಿಟಿವಿಟಿ ಸಿಆರ್‌ಪಿ ಎಂಬ, ಸಣ್ಣ ಏರಿಕೆಯನ್ನೂ ಹಿಡಿಯುವ ಸೂಕ್ಷ್ಮ ಪರೀಕ್ಷೆಯನ್ನೇ ಮಾಡಿಸಬೇಕು. ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. 10 ದಾಟಿದರೆ ಹೃದಯಕ್ಕಿಂತ ಮೊದಲು ಸೋಂಕು ಹುಡುಕಬೇಕು. ಜ್ವರ, ನೆಗಡಿ, ಕಾಲಿನ ಹುಣ್ಣು ಇದ್ದಾಗ ರಕ್ತ ಕೊಟ್ಟರೆ ಈ ಸಂಖ್ಯೆಯಿಂದ ಹೃದಯದ ಸುದ್ದಿ ತಿಳಿಯುವುದಿಲ್ಲ. ಎರಡು ವಾರ ಬಿಟ್ಟು ಮತ್ತೆ ನೋಡಬೇಕು.

"ಹಲ್ಲುನೋವು ಏನಾದರೂ ಇದೆಯಾ ಅಣ್ಣಾ?" ಎಂದು ಕೇಳಿದೆ. ಆರು ತಿಂಗಳಿಂದ ಒಸಡಿನಲ್ಲಿ ರಕ್ತ ಬರುತ್ತಿದೆಯಂತೆ, ಯಾರಿಗೂ ಹೇಳಿಲ್ಲ. ಶುಗರ್ ಇರುವವರಿಗೆ ಒಸಡಿನ ಕಾಯಿಲೆ ಹೆಚ್ಚು, ಅದರಿಂದಲೂ ಸಿಆರ್‌ಪಿ ಏರುತ್ತದೆ. ಹಲ್ಲಿನ ಡಾಕ್ಟರ ಹತ್ತಿರ ಹೋಗಿ, ಆಮೇಲೆ ನಿಮ್ಮ ಡಾಕ್ಟರಿಗೆ ಎರಡೂ ರಿಪೋರ್ಟು ತೋರಿಸಿ ಎಂದು ಕಳಿಸಿದೆ.

ಈ ಪರೀಕ್ಷೆಯೇ ದಂಡ ಎಂದು ಹೇಳುತ್ತಿಲ್ಲ. ಹೃದಯಾಘಾತ ಆಗಿದ್ದ ಹತ್ತು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದ ಕ್ಯಾಂಟೋಸ್ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಒಂದು ಔಷಧಿ ಕೊಟ್ಟು, ಕೊಲೆಸ್ಟ್ರಾಲ್ ಮುಟ್ಟದೆ ಉರಿಯೂತವನ್ನಷ್ಟೇ ತಗ್ಗಿಸಿದರೂ ಮುಂದಿನ ಹೃದಯಾಘಾತ, ಪಾರ್ಶ್ವವಾಯು, ಹೃದಯ ಸಂಬಂಧಿ ಸಾವು ಒಟ್ಟು ಸೇರಿ ಸುಮಾರು ಶೇ 15ರಷ್ಟು ಕಡಿಮೆಯಾದವು. ಆದರೆ ಆ ಔಷಧಿಯಿಂದ ಪ್ರಾಣಕ್ಕೆ ಎರವಾಗುವ ಸೋಂಕುಗಳು ಹೆಚ್ಚಿದವು. ಸಿಆರ್‌ಪಿ ಕಡಿಮೆ ಬಂತೆಂದು ಶುಗರ್ ಇರುವವರು ಬಿಪಿ, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್), ಮೂತ್ರದಲ್ಲಿ ಹೋಗುವ ಅಲ್ಬುಮಿನ್ ಎಂಬ ಪ್ರೋಟೀನ್ ಇವುಗಳ ಪರೀಕ್ಷೆ ಮರೆಯುವಂತಿಲ್ಲ. ಇವರಲ್ಲಿ ಕೆಲವರಿಗೆ ಎದೆನೋವೇ ಇಲ್ಲದೆ ಹೃದಯಾಘಾತ ಆಗುವುದುಂಟು.

ನಾನು ಈಗ ಪ್ರತಿ ಸಿಆರ್‌ಪಿ ರಿಪೋರ್ಟಿನ ಮೇಲೂ ಸಂಖ್ಯೆಯ ಪಕ್ಕದಲ್ಲೇ "ಲೀಟರಿಗೆ" ಎಂದು ಪೆನ್ನಿನಲ್ಲಿ ದಪ್ಪಗೆ ಬರೆದುಕೊಡುತ್ತಿದ್ದೇನೆ. ಎಲ್ಲ ಲ್ಯಾಬುಗಳೂ ಸಿಆರ್‌ಪಿಯನ್ನು ಲೀಟರ್ ಲೆಕ್ಕದಲ್ಲೇ ಕೊಡುವಂತೆ, ಸಾಧಾರಣ ಪರೀಕ್ಷೆಯೋ ಸೂಕ್ಷ್ಮ ಪರೀಕ್ಷೆಯೋ ಎಂಬುದನ್ನು ಕನ್ನಡದಲ್ಲಿ ಅಚ್ಚು ಹಾಕುವಂತೆ ಆರೋಗ್ಯ ಇಲಾಖೆ ಸೂಚನೆ ಹೊರಡಿಸಲಿ. ರಕ್ತ ತೆಗೆಯುವ ಮೊದಲು "ಜ್ವರ ಇತ್ತಾ, ಹಲ್ಲುನೋವು ಇತ್ತಾ" ಎಂದು ಕೇಳುವುದಕ್ಕೆ ಯಾವ ಸೂಚನೆಯೂ ಬೇಕಿಲ್ಲ, ನಾಳೆಯಿಂದಲೇ ಕೇಳಬಹುದು.

– ಲ್ಯಾಬ್ ಟೆಕ್ನೀಷಿಯನ್, ತಿಪಟೂರು