ಪರೀಕ್ಷೆ ಹೊತ್ತಿಗೆ ಒಂದೆಲಗ

ಮಾನ್ಯರೇ,

ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದರೆ ಸಾಕು, ನೆನಪಿನ ಶಕ್ತಿಯ ಸಿರಪ್ಪುಗಳ ಜಾಹೀರಾತು ಶುರು. ಚರಕಸಂಹಿತೆ ಬುದ್ಧಿಗೆ ಒಳ್ಳೆಯದೆಂದು ಹೇಳಿದ್ದು ನಾಲ್ಕು: ಒಂದೆಲಗದ ರಸ, ಹಾಲಿನಲ್ಲಿ ಜ್ಯೇಷ್ಠಮಧುವಿನ ಪುಡಿ, ಅಮೃತಬಳ್ಳಿ ರಸ, ಶಂಖಪುಷ್ಪಿ. ಇದರಲ್ಲಿ ಒಂದೆಲಗ ನಮ್ಮ ಮಲೆನಾಡಿನ ತೋಟದ ಕಾಲುವೆ ಬದಿಯಲ್ಲಿ ಸುಮ್ನೆ ಹಬ್ಬಿರುತ್ತದೆ. ಒಂದು ಹಿಡಿ ಎಲೆ ಚೆನ್ನಾಗಿ ತೊಳೆದು, ತುಪ್ಪದಲ್ಲಿ ಹುರಿದ ಜೀರಿಗೆ, ನಾಲ್ಕು ಕಾಳುಮೆಣಸು, ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ ಆಯ್ತು, ಕುದಿಸುವ ಕೆಲಸವೂ ಇಲ್ಲ. ಹಾಗಂತ ತಂಬುಳಿ ಬಡಿಸಿ ರಾತ್ರಿ ಎರಡರವರೆಗೆ ಓದಿಸಿದರೆ ಏನು ಬಂತು? ಓದಿದ್ದು ತಲೆಯಲ್ಲಿ ನಿಲ್ಲಲು ನಿದ್ದೆ ಬೇಕಲ್ವಾ! ಪುಡಿ, ಮಾತ್ರೆಯಾದರೆ ವೈದ್ಯರನ್ನು ಕೇಳಿಯೇ ಕೊಡಿ. ಶಾಲೆಯ ಕೈತೋಟದಲ್ಲೂ ಒಂದೆಲಗ ಬೆಳೆಸಬಹುದು, ತೇವ ಇರುವ ಒಂದು ಮೂಲೆ ಸಾಕು.

– ಒಬ್ಬ ಓದುಗ, ತೀರ್ಥಹಳ್ಳಿ